ಹದಿನೇಳನೇ ಸಾಲು ಮತ್ತು ಲಕ್ಷ ಬತ್ತಿ

ಲಿಂಗಂಪಲ್ಲಿ
೨೨ ಜುಲೈ ೨೦೨೪

ಶಾಮಲಾ ಅತ್ಯಾಗೆ ಕೇದಾರನ ಸಾಷ್ಟಾಂಗ ನಮಸ್ಕಾರ. ಸೊಂಟ ಹಿಡಿದಿರುವುದರಿಂದ ಮುಕ್ಕಾಲು ಸಾಷ್ಟಾಂಗ ಅಂತ ತಿಳಿಯಿರಿ.

ಎರಡು ದಿನದಲ್ಲಿ ನಿಮಗೆ ಹನ್ನೊಂದು ಸಲ ಫೋನ್ ಮಾಡಿದೆ. ಹನ್ನೆರಡನೆಯ ಸಲ ನಿಮ್ಮ ಮನೆಗೆಲಸದ ಗದಿಗೆಮ್ಮ ಎತ್ತಿಕೊಂಡಳು. "ಅಮ್ಮಾರು ಚಾತುರ್ಮಾಸ ಹಿಡದಾರ್ರೀ. ಈ ತಿಂಗಳ ಕಾಯಿಪಲ್ಯ ತಿನ್ನಂಗಿಲ್ಲ, ನಾಕೂ ತಿಂಗಳ ಫೋನ್ ಮುಟ್ಟಂಗಿಲ್ಲ" ಅಂದು ಇಟ್ಟುಬಿಟ್ಟಳು. ಕಾಯಿಪಲ್ಯ, ಮೊಸರು, ಹಾಲು, ಬೇಳೆ ಬಿಡುವವರನ್ನು ನಾನು ಕಂಡಿದ್ದೇನೆ. ಆದರೆ ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಮೂವತ್ತಾರು ವರ್ಷ ಸೂಪರ್‌ವೈಸರ್ ಆಗಿದ್ದವರು ಫೋನನ್ನೇ ಬಿಟ್ಟದ್ದು ಇದೇ ಮೊದಲು. ನಿಮ್ಮ ಹಿಮಾಯತ್‌ನಗರಕ್ಕೂ ನಮ್ಮ ಲಿಂಗಂಪಲ್ಲಿಗೂ ನಡುವೆ ಒಂದೂವರೆ ತಾಸಿನ ಟ್ರಾಫಿಕ್ಕು. ಬಂದರೆ ಕೈಗೆ ಹತ್ತಿ ಕೊಟ್ಟು ಕೂರಿಸುತ್ತೀರಿ ಎಂಬ ಭಯ ಬೇರೆ. ಅದಕ್ಕೇ ಈ ಕಾಗದ.

ಹೇಳಬೇಕಾದ ಸುದ್ದಿ ಎರಡಿವೆ. ಮೊದಲನೆಯದು, ನಮ್ಮ ಆಫೀಸಿಗೆ ಹೊಸ ಯಂತ್ರ ಬಂದಿದೆ. ಹಳೆಯದರಲ್ಲಿ ಐದುನೂರು ಕಂಪ್ಯೂಟರ್ ಪೆಟ್ಟಿಗೆಗಳಿದ್ದವು, ಇದರಲ್ಲಿ ನಾಲ್ಕು ಸಾವಿರ. ಎಲ್ಲವೂ ಸೇರಿ ಒಂದೇ ಲೆಕ್ಕ ಮಾಡುತ್ತವೆ: ಈ ಊರಿನ ಯಾವ ಬಡಾವಣೆಯಲ್ಲಿ ಎಷ್ಟು ಹೊತ್ತಿಗೆ ಎಷ್ಟು ಮಳೆ ಅಂತ. ಅದರ ಉಸ್ತುವಾರಿ ನಿಮ್ಮ ಈ ಸೋದರಳಿಯನದು.

ಎರಡನೆಯದು ಅಷ್ಟು ಚೆನ್ನಾಗಿಲ್ಲ. ಹಳೆಯ ಯಂತ್ರ ಈ ಲೆಕ್ಕಕ್ಕೆ ಎಂಬತ್ತು ನಿಮಿಷ ತೆಗೆದುಕೊಳ್ಳುತ್ತಿತ್ತು. ಎಂಟು ಪಟ್ಟು ದೊಡ್ಡದು ಹತ್ತು ನಿಮಿಷದಲ್ಲಿ ಮುಗಿಸಬೇಕಲ್ಲವೇ? ಉದ್ಘಾಟನೆಯ ದಿನ ಎಪ್ಪತ್ತು ನಿಮಿಷ ತೆಗೆದುಕೊಂಡಿತು. ಬಂದವರೆಲ್ಲ ಉಪ್ಪಿಟ್ಟು ತಿಂದು, ಚಹಾ ಕುಡಿದು, ಮತ್ತೊಮ್ಮೆ ಉಪ್ಪಿಟ್ಟು ತಿಂದರು. ನಮ್ಮ ಮುಖ್ಯಸ್ಥೆ ಮೃಣಾಲಿನಿ ಮೇಡಂ ನನ್ನ ಕಡೆ ನೋಡಿ ನಕ್ಕರು. ಅವರು ನಕ್ಕರೆ ಒಳ್ಳೆಯದಲ್ಲ.

ನಿಮ್ಮ
ಕೇದಾರ


ಹಿಮಾಯತ್‌ನಗರ
೨೯ ಜುಲೈ ೨೦೨೪

ಚಿ. ಕೇದಾರನಿಗೆ ಶಾಮಲಾ ಅತ್ಯಾಳ ಆಶೀರ್ವಾದ. ಸೊಂಟಕ್ಕೆ ಬೇರೆ ಆಶೀರ್ವಾದ ಇಲ್ಲ, ಕುರ್ಚಿ ಬಿಟ್ಟು ಓಡಾಡು.

ನಿನ್ನ ಕಾಗದ ನಾಲ್ಕು ಸಲ ಓದಿದೆ. ಫೋನಿನಲ್ಲಾದರೆ ನೀನು "ಹಾಂ ಅತ್ಯಾ, ಹೂಂ ಅತ್ಯಾ, ಇಡ್ಲಾ ಅತ್ಯಾ" ಇಷ್ಟೇ ಮಾತಾಡುವವನು. ವ್ರತ ಹಿಡಿದದ್ದು ಸಾರ್ಥಕವಾಯಿತು.

ಎಂಟು ಪಟ್ಟು ಯಂತ್ರಕ್ಕೆ ಎಂಟು ಪಟ್ಟು ಕೆಲಸ ಏಕಾಗಲಿಲ್ಲ ಅಂತ ಕೇಳುತ್ತೀಯಲ್ಲ, ನನ್ನ ಗೋಳು ಕೇಳು. ಈ ಸಲ ನಮ್ಮ ಓಣಿಯ ಹೆಂಗಸರ ಮಂಡಳಿಯಿಂದ ಲಕ್ಷ ಬತ್ತಿ. ಕಾರ್ತಿಕ ಹುಣ್ಣಿವೆಯ ದಿನ ಒಂದು ಲಕ್ಷ ಬತ್ತಿಯನ್ನು ತುಪ್ಪದಲ್ಲಿ ನೆನೆಸಿ ಹಚ್ಚಬೇಕು. ಹಿಂದೆ ನಮ್ಮ ಅತ್ತೆಯ ಕಾಲದಲ್ಲಿ ಎಂಟು ಜನ ಕೂತು ಮಾಡುತ್ತಿದ್ದೆವು. ಅವರ ನಿಯಮ ಗಟ್ಟಿ. ಒಬ್ಬೊಬ್ಬರೂ ಇಪ್ಪತ್ತೊಂದು ಬತ್ತಿ ಹೊಸೆಯಬೇಕು, ಎಲ್ಲರ ತಟ್ಟೆಯಲ್ಲೂ ಇಪ್ಪತ್ತೊಂದು ಬಿದ್ದ ಮೇಲೆ ಎಲ್ಲರೂ ಒಂದೇ ದನಿಯಲ್ಲಿ "ಗೋವಿಂದ" ಅನ್ನಬೇಕು, ಆಮೇಲೆಯೇ ಮುಂದಿನ ಸುತ್ತಿಗೆ ಕೈ ಹಚ್ಚಬೇಕು. ಒಂದು ಸುತ್ತಿಗೆ ಹತ್ತು ನಿಮಿಷ ಹಿಡಿಯುತ್ತಿತ್ತು.

ಈಗ ನಲವತ್ತು ಜನ. ಓಣಿಯ ಸಭಾಗೃಹ ತುಂಬಿ ಹೋಗುತ್ತದೆ. ಐದು ಪಟ್ಟು ಹೆಂಗಸರು ಅಂದ ಮೇಲೆ ಐದು ಪಟ್ಟು ಬೇಗ ಮುಗಿಯಬೇಕು. ಆದರೆ ಒಂದು ಸುತ್ತಿಗೆ ಐವತ್ತು ನಿಮಿಷ! ದಿನದ ಕೊನೆಗೆ ನೋಡಿದರೆ ಎಂಟು ಜನ ಮಾಡುತ್ತಿದ್ದಷ್ಟೇ ಬತ್ತಿ. ಉಳಿದದ್ದು ಬರೀ ಸೀರೆ ಪ್ರದರ್ಶನ.

ಕಾರಣ ನನಗೆ ಗೊತ್ತು, ಅಂಬುಬಾಯಿ. ನಿನಗೆ ನೆನಪಿರಬೇಕು, ಎಕ್ಸ್‌ಚೇಂಜಿನಲ್ಲಿ ನನ್ನ ಪಕ್ಕದ ಕುರ್ಚಿಯವಳು, ನಿನ್ನ ಮುಂಜಿಗೆ ವಾಚು ಕೊಟ್ಟವಳು. ಪ್ರತಿ ಸುತ್ತಿನಲ್ಲೂ ಅವಳದೇ ಕೊನೆಯ ತಟ್ಟೆ. ಮೂವತ್ತೊಂಬತ್ತು ಜನ ಬಾಯಿ ತೆರೆದು ಗೋವಿಂದ ಅನ್ನಲು ಕಾಯುತ್ತಿದ್ದರೆ ಇವಳು ಹದಿನಾರನೆಯದನ್ನು ಹೊಸೆಯುತ್ತಿರುತ್ತಾಳೆ. ಎಲ್ಲರ ತಟ್ಟೆ ಎಣಿಸಿ ಪುಸ್ತಕಕ್ಕೆ ಬರೆಯುವವಳೂ ಅವಳೇ, ಅಕ್ಷರ ದುಂಡಗಿವೆ ಅಂತ. ಅಕ್ಷರ ದುಂಡಗಿದ್ದರೆ ಸಾಕೇ, ಕೈ ಚುರುಕಾಗಿರಬೇಕು.

ಅತ್ಯಾ


ಲಿಂಗಂಪಲ್ಲಿ
೮ ಆಗಸ್ಟ್ ೨೦೨೪

ಅತ್ಯಾಗೆ ನಮಸ್ಕಾರ. ಸೊಂಟ ಈಗ ಪೂರ್ತಿ ಬಗ್ಗುತ್ತದೆ.

ನಿಮ್ಮ ಕಾಗದ ಓದಿ ಮೇಜು ಕುಟ್ಟಿ ನಕ್ಕೆ. ನಿಮ್ಮ ಅತ್ತೆ ಕಂಪ್ಯೂಟರ್ ಓದಿದ್ದರೇ? ನಮ್ಮ ಯಂತ್ರದ ನಿಯಮವೂ ಅಕ್ಷರಶಃ ಅದೇ. ನಾಲ್ಕು ಸಾವಿರ ಪೆಟ್ಟಿಗೆಗಳಿಗೂ ಆಕಾಶವನ್ನು ಹಂಚಿಕೊಟ್ಟಿರುತ್ತೇವೆ. ಪ್ರತಿ ಪೆಟ್ಟಿಗೆ ತನ್ನ ಚೂರು ಆಕಾಶದಲ್ಲಿ ಮುಂದಿನ ಕ್ಷಣ ಏನಾಗುತ್ತದೆ ಅಂತ ಲೆಕ್ಕ ಹಾಕುತ್ತದೆ. ಎಲ್ಲವೂ ಮುಗಿಸಿದ ಮೇಲೆ ಅಕ್ಕಪಕ್ಕದವಕ್ಕೆ ಉತ್ತರ ಹೇಳಿ, ಮುಂದಿನ ಕ್ಷಣಕ್ಕೆ ಹೋಗುತ್ತವೆ. ಒಂದು ತಡವಾದರೆ ಮೂರು ಸಾವಿರದ ಒಂಬೈನೂರ ತೊಂಬತ್ತೊಂಬತ್ತು ಸುಮ್ಮನೆ ಕೂತಿರಬೇಕು. ಲಕ್ಷಾಂತರ ಸುತ್ತು, ಪ್ರತಿ ಸುತ್ತಿಗೂ ಒಂದು ಗೋವಿಂದ.

ಹಾಗಾದರೆ ತಡ ಮಾಡುವವರು ಯಾರು? ಅದನ್ನು ಹಿಡಿಯಲು ಒಂದು ಪುಟ್ಟ ಪ್ರೋಗ್ರಾಮ್ ಬರೆದಿದ್ದೇನೆ. ಹೆಸರು ಚೌಕಿದಾರ. ಅದು ನಾಲ್ಕು ಸಾವಿರ ಪೆಟ್ಟಿಗೆಯಲ್ಲೂ ಕೂತಿದೆ. ಸೆಕೆಂಡಿಗೊಮ್ಮೆ ಎದ್ದು, "ಏನಪ್ಪಾ, ಎಲ್ಲಿಗೆ ಬಂತು?" ಅಂತ ಕೇಳಿ, ಬಂದ ಉತ್ತರವನ್ನು ಒಂದು ಕಡೆ ಬರೆದಿಡುತ್ತದೆ. ನನಗೆ ಬಲು ಹೆಮ್ಮೆಯ ಕೂಸು.

ನಮ್ಮ ಅಂಬುಬಾಯಿಯೂ ಸಿಕ್ಕಿಬಿದ್ದಾಗಿದೆ. ಹದಿನೇಳನೇ ಸಾಲಿನ ಪೆಟ್ಟಿಗೆಗಳು! ಎಲ್ಲಕ್ಕಿಂತ ಹಿಂದೆ ಉಳಿಯುವುದು ಅವೇ. ಆ ಸಾಲು ನೋಡಿಕೊಳ್ಳುವವನು ಹುಲಗೇಶ ಅಂತ, ನಲವತ್ತೈದರ ಗೃಹಸ್ಥ, ದೇವದುರ್ಗದ ಕಡೆಯವನು, ಗುತ್ತಿಗೆ ನೌಕರ. ಮೂರು ಹೊತ್ತೂ ಪೆಟ್ಟಿಗೆಗಳ ಶಾಖ ನೋಡುತ್ತಾ ಅಲ್ಲೇ ಅಡ್ಡಾಡುತ್ತಿರುತ್ತಾನೆ. ಏನೋ ಕೈಯಾಡಿಸುತ್ತಾನೆ ಅಂತ ನನ್ನ ಗುಮಾನಿ.

ಕೇದಾರ


ಹಿಮಾಯತ್‌ನಗರ
೨೦ ಆಗಸ್ಟ್ ೨೦೨೪

ಚಿ. ಕೇದಾರನಿಗೆ ಆಶೀರ್ವಾದ.

ಈ ತಿಂಗಳು ಮೊಸರು ಬಿಟ್ಟಿದ್ದೇನೆ. ಮೈ ಉಷ್ಣ, ಮಾತೂ ಉಷ್ಣ, ಹೊಟ್ಟೆಗೆ ಹಾಕಿಕೋ.

ನಿನ್ನ ಚೌಕಿದಾರನ ವಿಚಾರ ಬಹಳ ಹಿಡಿಸಿತು. ಎಕ್ಸ್‌ಚೇಂಜಿನಲ್ಲಿ ನಾನು ಮಾಡುತ್ತಿದ್ದದ್ದೂ ಇದೇ ತಾನೆ. ಮರುದಿನವೇ ಒಂದು ಹೊಸ ಪುಸ್ತಕ ತಂದು ಗೆರೆ ಹೊಡೆದೆ. ಯಾರು ಎದ್ದರು, ಏಕೆ ಎದ್ದರು, ಎಷ್ಟು ಹೊತ್ತು. ನೀನು ಆ ಪುಸ್ತಕ ಓದಬೇಕು, ಹೊಟ್ಟೆ ಹಿಡಿದುಕೊಂಡು ನಗುತ್ತೀ. ಹಾಲಿನವನು ಬಂದ ಅಂತ ಎರಡು ನಿಮಿಷ. ಕುಕ್ಕರ್ ಆರಿಸಿ ಬಂದೆ ಅಂತ ಮೂರು. ಕೊರಿಯರ್ ಎರಡು. ಅಳಿಯನ ಫೋನು ನಾಲ್ಕು, ಮಗಳ ಫೋನು ಹನ್ನೊಂದು. ಒಬ್ಬಳು ಬರೀ "ಆಕಳಿಕೆ" ಅಂತ ಬರೆಸಿದ್ದಾಳೆ. ಎಲ್ಲರೂ ಏಳುವಾಗ ಹೇಳುವುದು ಒಂದೇ ಮಾತು, "ಒಂದ ನಿಮಿಷ ಶಾಮಲಾಬಾಯಿ!" ಎಲ್ಲರದೂ ಚಿಲ್ಲರೆ ಕಾರಣ. ಇಂಥ ಎರಡು ನಿಮಿಷಕ್ಕೆಲ್ಲ ಸುತ್ತು ನಿಲ್ಲುತ್ತದೆಯೇ?

ಈ ಪುಸ್ತಕವನ್ನೂ ಅಂಬುವಿನ ಕೈಗೇ ಕೊಟ್ಟೆ. ಬೇರೆಯವರ ಎರಡು ನಿಮಿಷ ಬರೆಯುತ್ತಾ ಬರೆಯುತ್ತಾ ತನ್ನ ಹದಿನೈದು ನಿಮಿಷ ಕಂಡು ನಾಚಿಕೊಳ್ಳಲಿ ಅಂತ. ಅವಳೋ ಕನ್ನಡಕ ಮೂಗಿನ ಮೇಲೆ ಇಟ್ಟುಕೊಂಡು, ಒಂದು ಬತ್ತಿ ಹೊಸೆದು ಒಂದು ಸಾಲು ಬರೆಯುತ್ತಾಳೆ, ಮತ್ತೊಂದು ಹೊಸೆದು ಮತ್ತೊಂದು ಸಾಲು. ಈಗ ಸುತ್ತಿಗೆ ಒಂದು ತಾಸು! ಕೊನೆಯವಳು ಅವಳೇ. ಇದಕ್ಕಿಂತ ಬೇರೆ ಸಾಕ್ಷಿ ಬೇಕೇ?

ಅತ್ಯಾ


ಲಿಂಗಂಪಲ್ಲಿ
೪ ಸೆಪ್ಟೆಂಬರ್ ೨೦೨೪

ಅತ್ಯಾಗೆ ನಮಸ್ಕಾರ.

ದೊಡ್ಡ ಕಾಗದ ಬರೆಯುವ ಹುರುಪಿಲ್ಲ. ಎಪ್ಪತ್ತು ನಿಮಿಷ ಈಗ ಎಂಬತ್ತೈದಾಗಿದೆ. ಹಳೆಯ ಯಂತ್ರಕ್ಕಿಂತಲೂ ನಿಧಾನ. ಹೋದ ವಾರ ಸ್ಟೇಷನ್ನಿನ ಹತ್ತಿರ ಮೊಣಕಾಲುದ್ದ ನೀರಿನಲ್ಲಿ ಚಪ್ಪಲಿ ಕೈಯಲ್ಲಿ ಹಿಡಿದು ನಿಂತಿದ್ದಾಗ ನಮ್ಮದೇ ಯಂತ್ರದಿಂದ ನನ್ನ ಫೋನಿಗೆ ಸಂದೇಶ ಬಂತು: ಲಿಂಗಂಪಲ್ಲಿಯಲ್ಲಿ ಇನ್ನು ಸ್ವಲ್ಪ ಹೊತ್ತಿನಲ್ಲಿ ಮಳೆ ಸಾಧ್ಯತೆ. ಪಕ್ಕದಲ್ಲಿ ನಿಂತಿದ್ದ ಆಟೋದವನಿಗೆ ತೋರಿಸಿದೆ. "ಆಪ್ ಕೀ ಮಶೀನ್ ಕೋ ಬೋಲೋ ಖಿಡಕೀ ಸೇ ಝಾಂಕ್‌ನಾ" ಅಂದ, ಕಿಟಕಿಯಿಂದ ಇಣುಕಿ ನೋಡಲು ಹೇಳು ಅಂತ.

ಮೃಣಾಲಿನಿ ಮೇಡಂ ಕಾರಣ ಬರೆದು ಕೊಡಿ ಅಂದಿದ್ದಾರೆ. ಅಕ್ಟೋಬರ್ ಇಪ್ಪತ್ಮೂರಕ್ಕೆ ಕಮಿಟಿ. ಹದಿನೇಳನೇ ಸಾಲಿನದೇ ತಪ್ಪು ಅಂತ ನನ್ನ ವರದಿಯಲ್ಲಿ ಬಂದರೆ ಹುಲಗೇಶನ ಗುತ್ತಿಗೆ ಮುಂದುವರಿಯುವುದಿಲ್ಲ. ಅಕ್ಟೋಬರ್ ಕೊನೆಗೆ ಮನೆಗೆ. ಅವನ ತಾಯಿ ಸುಗಲಮ್ಮ ಇದೇ ಕಟ್ಟಡಕ್ಕೆ ಇಟ್ಟಿಗೆ ಹೊತ್ತವಳಂತೆ. ತಾನು ಕಟ್ಟಿದ ಕಟ್ಟಡದಲ್ಲಿ ಮಗ ಏರ್‌ಕಂಡೀಷನ್ನಿನಲ್ಲಿ ಕೆಲಸ ಮಾಡುತ್ತಾನೆ ಅಂತ ಊರೆಲ್ಲ ಹೇಳಿಕೊಂಡು ಬರುತ್ತಾಳಂತೆ. ಇದೆಲ್ಲ ನನಗೆ ಗೊತ್ತಿಲ್ಲದೇ ಇದ್ದಿದ್ದರೆ ಚೆನ್ನಾಗಿತ್ತು.

ಅವನು ಒಂದೆರಡು ಸಲ ನನ್ನ ಕೋಣೆಗೆ ಬಂದು ಏನೋ ಹೇಳಲು ನಿಂತಿದ್ದ. ನನಗೆ ಹೊತ್ತಿರಲಿಲ್ಲ.

ಕೇದಾರ


ಹಿಮಾಯತ್‌ನಗರ
೧೬ ಸೆಪ್ಟೆಂಬರ್ ೨೦೨೪

ಚಿ. ಕೇದಾರನಿಗೆ ಆಶೀರ್ವಾದ.

ನಿನ್ನೆಯಿಂದ ಮೊಸರು ಮರಳಿ ಬಂತು, ಹಾಲು ಹೋಯಿತು. ಕರೀ ಚಹಾ ಕುಡಿದು ಬರೆಯುತ್ತಿದ್ದೇನೆ, ಅಕ್ಷರ ಅಡ್ಡಾದಿಡ್ಡಿ ಆದರೆ ಅದರ ಕೆಲಸ.

ಅಂಬು ಹತ್ತು ದಿನದಿಂದ ಬರುತ್ತಿಲ್ಲ. ಮೊಣಕಾಲು ನೋವು. ನೆಲದ ಮೇಲೆ ಕೂರಲಾಗುವುದಿಲ್ಲವಂತೆ. ಇರಲಿ, ವಯಸ್ಸಾಯಿತು.

ಅವಳು ಇಲ್ಲದ ಮೇಲೆ ಸುತ್ತು ಓಡುತ್ತದೆ ಅಂದುಕೊಂಡಿದ್ದೆ. ಓಡಲಿಲ್ಲ. ಐವತ್ತೈದು ನಿಮಿಷಕ್ಕೆ ಬಂದು ನಿಂತಿದೆ. ಪುಸ್ತಕಗಳೆರಡನ್ನೂ ತೇಜಸ್ವಿನಿಯ ಕೈಗೆ ಕೊಟ್ಟೆ. ಮೇಲಿನ ಮಹಡಿಯ ಸೊಸೆ, ಬ್ಯಾಂಕಿನಲ್ಲಿ ಇದ್ದವಳು, ಬತ್ತಿ ಹೊಸೆಯುವುದರಲ್ಲಿ ಅವಳನ್ನು ಮೀರಿಸುವವರಿಲ್ಲ. ಯಾವಾಗಲೂ ಅವಳದೇ ಮೊದಲ ತಟ್ಟೆ. ಈಗ ಏನಾಗಿದೆಯೋ, ಅವಳೂ ಕೊನೆಗೆ ಬೀಳುತ್ತಿದ್ದಾಳೆ. ಆ ಜಾಗಕ್ಕೇ ಏನೋ ಆಗಿದೆ ಅಂತ ಅವಳನ್ನು ಕಂಬದ ಆಚೆ ಕೂರಿಸಿದೆ. ಅಲ್ಲಿಯೂ ಕೊನೆ! ಅಂಬುವಿನ ನಿಧಾನ ಅವಳಿಗೂ ಅಂಟಿರಬೇಕು. ದೃಷ್ಟಿ ತೆಗೆಯಲು ನಿಂಬೆಹಣ್ಣು ಇಳಿಸಿ ಓಣಿಗೆ ಒಗೆದದ್ದೂ ಆಯಿತು.

ಪುಸ್ತಕ ನೋಡಿದರೆ, ಫೋನಿನವರನ್ನು ಬಿಟ್ಟು ಯಾರೂ ಎರಡು ಮೂರು ನಿಮಿಷಕ್ಕಿಂತ ಹೆಚ್ಚು ಎದ್ದಿಲ್ಲ. ಆದರೂ ನಾನು ಗೋವಿಂದ ಅನ್ನಲು ತಲೆ ಎತ್ತಿದಾಗಲೆಲ್ಲ ಯಾರಾದರೊಬ್ಬರು ಬಾಗಿಲಲ್ಲಿ ಇರುತ್ತಾರೆ. ಪ್ರತಿ ಸಲ ಬೇರೆಯವರು. ನನಗೆ ತಲೆ ಕೆಟ್ಟುಹೋಗಿದೆ.

ಅತ್ಯಾ


ಲಿಂಗಂಪಲ್ಲಿ
೨೬ ಸೆಪ್ಟೆಂಬರ್ ೨೦೨೪

ಅತ್ಯಾಗೆ ನಮಸ್ಕಾರ.

ಅತ್ಯಾ, ನಿಂಬೆಹಣ್ಣು ಎಲ್ಲಿ ಒಗೆದಿದ್ದೀರಿ? ಹೋಗಿ ಹೆಕ್ಕಿಕೊಂಡು ಬಂದು ಪಾನಕ ಮಾಡಿ ಕುಡಿಯಿರಿ. ಅಂಬುಬಾಯಿಯದೂ ತಪ್ಪಲ್ಲ, ತೇಜಸ್ವಿನಿಯದೂ ತಪ್ಪಲ್ಲ. ಪುಸ್ತಕದ್ದು! ನಲವತ್ತು ತಟ್ಟೆ ಎಣಿಸಿ, ನಲವತ್ತು ಜನರ ಆಕಳಿಕೆ ಬರೆದು, ಅದರ ನಡುವೆ ಇಪ್ಪತ್ತೊಂದು ಬತ್ತಿಯನ್ನೂ ಹೊಸೆಯಬೇಕೆಂದರೆ ಯಾರಾದರೂ ಕೊನೆಗೆ ಬೀಳುತ್ತಾರೆ. ಎಂಟು ಜನರಿದ್ದಾಗ ಎಣಿಸುವುದು ಅರ್ಧ ನಿಮಿಷದ ಕೆಲಸವಾಗಿತ್ತು, ಅದಕ್ಕೆ ನಿಮಗೆ ಕಾಣಿಸಲಿಲ್ಲ.

ಇನ್ನು ಉಳಿದವರ ಎರಡೆರಡು ನಿಮಿಷ. ಅದು ಚಿಲ್ಲರೆ ಅಲ್ಲ. ನಮ್ಮಲ್ಲಿ ಅದಕ್ಕೆ ಸಿಸ್ಟಮ್ಮಿನ ಗದ್ದಲ ಅನ್ನುತ್ತಾರೆ. ಪ್ರತಿ ಪೆಟ್ಟಿಗೆಗೂ ಅದರದೇ ಮನೆಗೆಲಸ ಇರುತ್ತದೆ. ಗಡಿಯಾರ ಸರಿ ಮಾಡಿಕೊಳ್ಳುವುದು, ಶಾಖ ನೋಡಿಕೊಳ್ಳುವುದು, ಕಸ ಗುಡಿಸುವುದು. ಕ್ಷಣಮಾತ್ರದ ಕೆಲಸ. ಒಂದೊಂದನ್ನೇ ನೋಡಿದರೆ ಯಾರೂ ಸೋಮಾರಿ ಅಲ್ಲ. ಎಂಟು ಹೆಂಗಸರಿದ್ದಾಗ ಬಹಳ ಸುತ್ತುಗಳಲ್ಲಿ ಯಾರೂ ಏಳುತ್ತಲೇ ಇರಲಿಲ್ಲ. ನಲವತ್ತಾದಾಗ ಪ್ರತಿ ಸುತ್ತಿನಲ್ಲೂ ಯಾರಾದರೂ ಒಬ್ಬರ ಕುಕ್ಕರ್ ಕೂಗಿಯೇ ಕೂಗುತ್ತದೆ. ಅವಳು ಬರುವಷ್ಟರಲ್ಲಿ ಇನ್ನೊಬ್ಬಳ ಹಾಲಿನವನು. ಏಳುವವಳು ಒಬ್ಬಳು, ಕಾಯುವವರು ಮೂವತ್ತೊಂಬತ್ತು. ಕಳ್ಳರನ್ನು ಹುಡುಕಬೇಡಿ, ಕಳ್ಳರು ಇಲ್ಲ.

ಮದ್ದು ಸುಲಭ. ಎಲ್ಲರೂ ಏಳುವುದಾದರೆ ಒಟ್ಟಿಗೇ ಏಳಲಿ, ಗಂಟೆ ಹೊಡೆದು ಬಿಡಿ. ಬಾಗಿಲು, ಫೋನು ನೋಡಲು ಬತ್ತಿ ಹೊಸೆಯದ ಒಬ್ಬರನ್ನು ಇಡಿ.

ನಮ್ಮ ಕಥೆ ಬೇರೆ. ನಮ್ಮಲ್ಲಿ ಪ್ರತಿ ಸಲ ಬೇರೆಯವರಲ್ಲ, ಹದಿನೇಳನೇ ಸಾಲೇ. ಚೌಕಿದಾರ ಎಂಟು ವಾರ ಹಗಲಿರುಳು ಬರೆದಿಟ್ಟಿದ್ದಾನೆ, ಅನುಮಾನಕ್ಕೆ ಜಾಗವಿಲ್ಲ. ವರದಿಗೆ ಸಹಿ ಹಾಕಿ ನಿನ್ನೆ ಮೇಡಂಗೆ ಕಳಿಸಿದೆ. ಹುಲಗೇಶ ಎದುರಿಗೆ ಸಿಕ್ಕರೆ ಬೇರೆ ಮೆಟ್ಟಿಲು ಹತ್ತುತ್ತೇನೆ.

ಅಂಬುಬಾಯಿಯ ಮೊಣಕಾಲು ಹೇಗಿದೆ? ಪುಸ್ತಕದ ಸುದ್ದಿ ಅವರಿಗೆ ಹೇಳಿ, ನಗುತ್ತಾರೆ.

ಕೇದಾರ


ಹಿಮಾಯತ್‌ನಗರ
೫ ಅಕ್ಟೋಬರ್ ೨೦೨೪

ಚಿ. ಕೇದಾರನಿಗೆ ಆಶೀರ್ವಾದ.

ನೀನು ಹೇಳಿದ ಹಾಗೆಯೇ ಮಾಡಿದೆ. ಪುಸ್ತಕ ಎರಡನ್ನೂ ಅಟ್ಟಕ್ಕೆ ಹಾಕಿದೆ. ಸುತ್ತಿನ ಲೆಕ್ಕಕ್ಕೆ ಗೋಡೆಯ ಮೇಲೆ ಸೀಮೆಸುಣ್ಣದ ಗೆರೆ, ಅಷ್ಟೇ. ಐದು ಸುತ್ತಿಗೊಮ್ಮೆ ಪೂಜೆಯ ಗಂಟೆ ಬಾರಿಸುತ್ತೇನೆ, ಮೂವತ್ತೊಂಬತ್ತು ಹೆಂಗಸರೂ ಒಟ್ಟಿಗೆ ಏಳುತ್ತಾರೆ. ಸಭಾಗೃಹದ ವಾಚ್‌ಮನ್ ಮೊದಲ ದಿನ ಬೆಂಕಿ ಬಿತ್ತು ಅಂತ ಓಡಿ ಬಂದ.

ಫೋನುಗಳೆಲ್ಲ ಒಂದು ಅಗಲವಾದ ಹಿತ್ತಾಳೆ ಪರಾತದಲ್ಲಿ, ಪರಾತದ ಮುಂದೆ ಗದಿಗೆಮ್ಮ. ಯಾವುದು ಕೂಗಿದರೂ ಅವಳೇ ಎತ್ತುತ್ತಾಳೆ. "ಬಾಯಾರು ಬತ್ತಿ ಹೊಸ್ಯಾಕತ್ತಾರ್ರೀ. ನಿಮಗೇನ ಬೇಕ ನನಗ ಹೇಳ್ರಿ." ಮೊನ್ನೆ ಯಾರದೋ ಅಳಿಯ ಸಿಟ್ಟು ಮಾಡಿಕೊಂಡನಂತೆ. "ಹಂಗಾರ ನೀವೂ ಬರ್ರಿ, ಹತ್ತಿ ಭಾಳ ಐತಿ" ಅಂದಳು. ಆಮೇಲೆ ಅವನ ಫೋನು ಬಂದಿಲ್ಲ. ಬ್ಯಾಂಕಿನಿಂದ ಸಾಲ ಬೇಕೇ ಅಂತ ಕೇಳುವ ಹುಡುಗಿಯ ಜೊತೆ ಅವಳ ಮದುವೆಯ ಮಾತುಕತೆಯನ್ನೂ ನಡೆಸಿದ್ದಾಳೆ. ಸುತ್ತಿಗೆ ಈಗ ಹದಿನಾಲ್ಕು ನಿಮಿಷ, ಕೇದಾರ! ಹದಿನಾಲ್ಕು!

ಈಗ ನಗು ಸಾಕು. ನಿನಗೆ ಒಂದು ಸುಳ್ಳು ಬರೆದಿದ್ದೆ. ಅಂಬುವಿನ ಮೊಣಕಾಲಿಗೆ ಏನೂ ಆಗಿಲ್ಲ. ನಾನೇ ಎಲ್ಲರೆದುರು, "ಅಂಬು, ನಿನ್ನ ಸಲುವಾಗಿ ಎಲ್ಲಾರೂ ಕಾಯೋದಾಗೇದ. ನೀ ಮನ್ಯಾಗ ಕೂತರ ದೊಡ್ಡ ಉಪಕಾರ" ಅಂದೆ. ಅವಳು ಪೆನ್ನಿನ ಮುಚ್ಚಳ ಹಾಕಿ, ಪುಸ್ತಕ ನನ್ನ ಮುಂದೆ ಇಟ್ಟು, ಚಪ್ಪಲಿ ಮೆಟ್ಟಿಕೊಂಡು ಹೋದಳು. ಮೂವತ್ತಾರು ವರ್ಷ ಪಕ್ಕದ ಕುರ್ಚಿ. ಈಗ ನಾಲ್ಕು ಓಣಿ ಆಚೆ ಮನೆ, ಹೋಗಲು ನನಗೆ ಮುಖವಿಲ್ಲ. ನನ್ನ ಪುಸ್ತಕ ಹೊರಿಸಿದವಳು ನಾನು, ನಿಧಾನ ಅಂದವಳೂ ನಾನು.

ಅದಕ್ಕೇ ನಿನಗೆ ಒಂದೇ ಒಂದು ಪ್ರಶ್ನೆ ಕೇಳುತ್ತೇನೆ, ಸಿಟ್ಟಾಗಬೇಡ. ನಿನ್ನ ಚೌಕಿದಾರ ನಾಲ್ಕು ಸಾವಿರ ಪೆಟ್ಟಿಗೆಯ ಸುದ್ದಿ ತಂದು "ಒಂದು ಕಡೆ" ಬರೆದಿಡುತ್ತಾನೆ ಅಂತ ಬರೆದಿದ್ದೆಯಲ್ಲ, ಆ ಪುಸ್ತಕ ಯಾವ ಸಾಲಿನಲ್ಲಿದೆ?

ಬೇಗ ನೋಡು. ನನ್ನದು ಬತ್ತಿಯ ಮಾತು. ಅವನದು ಅನ್ನದ ಮಾತು.

ಅತ್ಯಾ


ಲಿಂಗಂಪಲ್ಲಿ
೧೧ ಅಕ್ಟೋಬರ್ ೨೦೨೪

ಅತ್ಯಾ,

ಹದಿನೇಳರಲ್ಲಿ.

ಕೇದಾರ


ಲಿಂಗಂಪಲ್ಲಿ
೨೪ ಅಕ್ಟೋಬರ್ ೨೦೨೪

ಅತ್ಯಾಗೆ ಸಾಷ್ಟಾಂಗ ನಮಸ್ಕಾರ, ಈ ಸಲ ಪೂರ್ತಿ.

ನಿನ್ನೆ ಕಮಿಟಿ ಮುಗಿಯಿತು. ಅದಕ್ಕೆ ಮುಂಚೆ ನಡೆದದ್ದು ಹೇಳುತ್ತೇನೆ. ನಿಮ್ಮ ಕಾಗದ ಬಂದ ದಿನ ಯಂತ್ರದ ಕೋಣೆಗೆ ಓಡಿದೆ. ಜುಲೈಯಲ್ಲಿ ಚೌಕಿದಾರನನ್ನು ಕೂರಿಸುವಾಗ, ವರದಿ ಎಲ್ಲಿ ಬಂದು ಬೀಳಬೇಕು ಅಂತ ಯಂತ್ರ ಕೇಳಿತ್ತು. ಕೈಗೆ ಬಂದ ನಂಬರು ಒತ್ತಿದ್ದೆ. ಅದು ಹದಿನೇಳನೇ ಸಾಲು. ಅಂದಿನಿಂದ ನಾಲ್ಕು ಸಾವಿರ ಪೆಟ್ಟಿಗೆಗಳ ಚಾಡಿಯನ್ನೆಲ್ಲ ಸೆಕೆಂಡಿಗೊಮ್ಮೆ ಆ ಪಾಪದ ಸಾಲೇ ಬರೆದುಕೊಳ್ಳುತ್ತಿದೆ.

ನಾನೂ ನಿಮ್ಮಿಂದ ಒಂದು ಮಾತು ಮುಚ್ಚಿಟ್ಟಿದ್ದೆ. ಹುಲಗೇಶ ನನ್ನ ಕೋಣೆಗೆ ಬಂದು ಸುಮ್ಮನೆ ನಿಂತಿದ್ದು ಹೋಗಲಿಲ್ಲ. ಆಗಸ್ಟ್ ತಿಂಗಳಲ್ಲೇ ಬಾಯಿಬಿಟ್ಟು ಹೇಳಿದ್ದ. "ಸರ, ಒಂದ ದಿನ ನಿಮ್ಮ ಚೌಕಿದಾರನ್ನ ಮಲಗಿಸಿ ನೋಡ್ರಿ. ಅಂವ ಊರಿನ ಸುದ್ದಿ ಎಲ್ಲಾ ತಂದು ನಮ್ಮ ಸಾಲಿನ್ಯಾಗ ಬರ್ಯಾಕ ಕೂಡ್ತಾನ್ರೀ. ನಮ್ಮ ಪೆಟಿಗಿಗೆ ಪುರಸೊತ್ತ ಇಲ್ಲದಂಗ ಆಗೈತಿ." ನಾನು ನಕ್ಕೆ. ಗುತ್ತಿಗೆಯವನು ಯಂತ್ರದ ಶಾಖ ನೋಡಿದರೆ ಸಾಕು ಅಂದೆ. ಇದನ್ನು ನಿಮಗೆ ಬರೆಯಲು ಆಗಲೇ ನಾಚಿಕೆಯಾಗಿತ್ತು, ಅಂದರೆ ಒಳಗೆ ಎಲ್ಲೋ ನನಗೆ ಗೊತ್ತಿತ್ತು ಅಂತ ಕಾಣುತ್ತದೆ.

ಹದಿಮೂರನೇ ತಾರೀಖು ಅವನನ್ನು ಕರೆದು, ಇಬ್ಬರೂ ಕೂತು ಚೌಕಿದಾರನನ್ನು ಮಲಗಿಸಿದೆವು. ಎಂಬತ್ತೈದು ನಿಮಿಷ ತಕ್ಷಣ ಎಪ್ಪತ್ತಕ್ಕೆ ಇಳಿಯಿತು. ಆಮೇಲೆ ನಿಮ್ಮ ಗಂಟೆ, ನಿಮ್ಮ ಗದಿಗೆಮ್ಮ. ಎಲ್ಲ ಪೆಟ್ಟಿಗೆಗಳ ಗಡಿಯಾರ ಹೊಂದಿಸಿ, ಮನೆಗೆಲಸವನ್ನೆಲ್ಲ ಒಂದೇ ಕ್ಷಣಕ್ಕೆ 'ಏಳಿ' ಅಂತ ಕಟ್ಟಿದೆವು. ಪ್ರತಿ ಪೆಟ್ಟಿಗೆಯ ಒಳಗೂ ಹತ್ತಾರು ಕೆಲಸಗಾರರಿರುತ್ತಾರೆ, ಅಂದರೆ ಲೆಕ್ಕ ಹಾಕುವ ಪುಟ್ಟ ಚಿಪ್‌ಗಳು. ಅವರಲ್ಲಿ ಒಬ್ಬನನ್ನು ಲೆಕ್ಕದಿಂದ ಬಿಡಿಸಿ ಬರೀ ಬಾಗಿಲು, ಫೋನಿಗೆ ಇಟ್ಟೆವು. ಒಬ್ಬ ಕಡಿಮೆಯಾದರೂ ಕೆಲಸ ಬೇಗ! ಈಗ ಹದಿಮೂರು ನಿಮಿಷ, ಅತ್ಯಾ. ಮೊನ್ನೆ ಮಳೆ ಬರುವ ಮೊದಲೇ ಮಳೆ ಬರುತ್ತದೆ ಅಂತ ಹೇಳಿತು. ಆಫೀಸಿನಲ್ಲಿ ಯಾರೂ ನಂಬದೆ ಎಲ್ಲರೂ ತೊಯ್ಸಿಕೊಂಡರು.

ಕಮಿಟಿಯಲ್ಲಿ ನಾನೇ ಎದ್ದು ನಿಂತು ನನ್ನ ವರದಿ ತಪ್ಪು, ತಡ ಮಾಡಿದವನು ನಾನು, ಕಂಡುಹಿಡಿದವನು ಹುಲಗೇಶ ಅಂದೆ. ಮೇಡಂ ನಗಲಿಲ್ಲ. ಅದೇ ದೊಡ್ಡ ಸಮಾಧಾನ. ನನಗೆ ಒಂದು ಮೆಮೊ ಕೊಟ್ಟರು. ಹುಲಗೇಶನಿಗೆ ಎರಡು ವರ್ಷದ ಗುತ್ತಿಗೆ, ಜೊತೆಗೆ ಗಂಟೆಯ ಉಸ್ತುವಾರಿ. ಇನ್ನು ಮೇಲೆ ಯಾವ ಹೊಸ ಪ್ರೋಗ್ರಾಮ್ ಯಂತ್ರಕ್ಕೆ ಹಾಕಬೇಕಾದರೂ ನಾನು ಅವನ ಸಹಿ ತರಬೇಕು. ಹೊರಗೆ ಬಂದ ಮೇಲೆ ಕ್ಷಮೆ ಕೇಳಿದೆ. "ಬಿಡ್ರಿ ಸರ. ನಮ್ಮವ್ವಗ ಗೊತ್ತಾಗೂದ್ರಾಗ ಮುಗೀತಲ್ಲ, ಅಷ್ಟ ಸಾಕು" ಅಂದ.

ಅತ್ಯಾ, ನನ್ನದು ಮುಗಿಯಿತು. ನಿಮ್ಮದು ನಾಲ್ಕು ಓಣಿ ಆಚೆ ಇನ್ನೂ ಹಾಗೇ ಇದೆ.

ಕೇದಾರ


ಹಿಮಾಯತ್‌ನಗರ
೧೭ ನವೆಂಬರ್ ೨೦೨೪

ಚಿ. ಕೇದಾರನಿಗೆ ಆಶೀರ್ವಾದ.

ವ್ರತ ಮುಗಿದು ಫೋನು ಕೈಗೆ ಬಂದು ನಾಲ್ಕು ದಿನವಾಯಿತು. ಬೇಳೆಯೂ ಬಂತು, ತೊಗರಿಬೇಳೆ ಸಾರು ಕುಡಿದು ಕಣ್ಣಲ್ಲಿ ನೀರು ಬಂದಿತು. ನಿನಗೆ ಫೋನ್ ಮಾಡಬೇಕು ಅಂತ ಎರಡು ಸಲ ಎತ್ತಿದೆ. ಆದರೆ ನೀನು "ಹಾಂ ಅತ್ಯಾ, ಹೂಂ ಅತ್ಯಾ" ಅನ್ನುತ್ತೀ, ನಾನು ಮುಖ್ಯವಾದದ್ದನ್ನು ಬಿಟ್ಟು ಸಾರಿನ ಸುದ್ದಿಯನ್ನೇ ಹೇಳಿ ಇಟ್ಟುಬಿಡುತ್ತೇನೆ. ಅದಕ್ಕೆ ಕಾಗದ.

ನಿನ್ನ ಹಿಂದಿನ ಕಾಗದ ಬಂದ ಮೇಲೂ ನಾನು ಹೋಗಲಿಲ್ಲ. ನೀನು ಕಮಿಟಿಯ ಮುಂದೆ ನಿಂತೆ, ನಾನು ನಾಲ್ಕು ಓಣಿ ದಾಟಲಾರದೆ ಹೋದೆ. ದಿನಾ ಒಂದು ನೆವ. ಬತ್ತಿಯಂತೂ ದಡದಡ ಮುಗಿಯುತ್ತಾ ಬಂತು. ಗೋಡೆಯ ಗೆರೆ ಪ್ರಕಾರ ಹುಣ್ಣಿವೆಯ ಹಿಂದಿನ ದಿನ ಒಂದೇ ಒಂದು ಸುತ್ತು ಉಳಿದಿತ್ತು. ಎಲ್ಲರೂ ಹತ್ತಿ ಕೈಗೆ ತೆಗೆದುಕೊಂಡರು. ನನಗೆ ಏನನ್ನಿಸಿತೋ, "ಇರ್ರಿ, ಒಂದ ನಿಮಿಷ" ಅಂದು ಎದ್ದುಬಿಟ್ಟೆ. ಗಂಟೆ ಹೊಡೆಯದೆ ಎದ್ದವಳು ನಾನೊಬ್ಬಳೇ ಅಂತ ಗದಿಗೆಮ್ಮ ಈಗಲೂ ಆಡಿಕೊಳ್ಳುತ್ತಾಳೆ.

ಅಂಬು ಬಾಗಿಲು ತೆರೆದಳು. ಒಳಗೆ ಬಾ ಅನ್ನಲಿಲ್ಲ, ಹೋಗು ಅನ್ನಲೂ ಇಲ್ಲ. ನಾನು ಹೊಸ್ತಿಲ ಹೊರಗೆ ನಿಂತೇ ಹೇಳಿದೆ.

"ಅಂಬು, ನಂದು ತಪ್ಪಾತು. ಪುಸ್ತಕ ನಿನ್ನ ಕೈಯಾಗ ಕೊಟ್ಟಾಕಿ ನಾ, ಅದಕ್ಕ ನೀ ಹಿಂದ ಬಿದ್ದಿ."

"ಅದು ನನಗ ಅವತ್ತ ಗೊತ್ತಿತ್ತು."

"ಮತ್ತ ಯಾಕ ಹೇಳಲಿಲ್ಲ?"

"ಮೂವತ್ತಾರು ವರ್ಷ ನೀ ಸೂಪರ್‌ವೈಸರ್. ನಿನಗ ನಾ ಯಾವಾಗ ಏನ ಹೇಳೀನಿ?" ಅಂದಳು. ಆಮೇಲೆ ಕನ್ನಡಕ ತೆಗೆದು ಸೆರಗಿನಿಂದ ಒರೆಸಿಕೊಳ್ಳುತ್ತಾ, "ಎರಡು ತಿಂಗಳ ಆತು ನಿನ್ನ ದಾರಿ ಕಾಯಲಿಕ್ಕತ್ತು. ಈ ಸಲ ಎಲ್ಲಾರಕಿಂತ ಹಿಂದ ಉಳದಾಕಿ ನೀನ ನೋಡು" ಅಂದಳು. ಇಬ್ಬರೂ ಅತ್ತೆವು. ಅಳುವಾಗಲೂ ಅವಳದೇ ನಿಧಾನ, ನಾನು ಮುಗಿಸಿ ಮೂಗು ಒರೆಸಿಕೊಂಡರೂ ಅವಳದು ನಡೆದೇ ಇತ್ತು. ನಾನು ಸುಮ್ಮನೆ ಕಾಯ್ದೆ.

ಆಮೇಲೆ ಒಳಗಿನಿಂದ ಒಂದು ದೊಡ್ಡ ತಗಡಿನ ಡಬ್ಬಿ ತಂದಳು. ಮುಚ್ಚಳ ತೆಗೆದರೆ ತುಂಬಾ ಬತ್ತಿ. ಹೋದ ದಿನದಿಂದ ಒಂದು ದಿನವೂ ಬಿಡದೆ, ನಾವು ಕೂರುವ ಹೊತ್ತಿಗೇ ತಾನೂ ಕೂತು, ಇಪ್ಪತ್ತೊಂದು ಹೊಸೆದು, ಒಬ್ಬಳೇ ಗೋವಿಂದ ಅಂದು, ಮತ್ತೆ ಇಪ್ಪತ್ತೊಂದು ಹೊಸೆದಿದ್ದಾಳೆ, ಕೇದಾರ. ಅವಳು ನಮ್ಮ ಮಂಡಳಿ ಬಿಟ್ಟೇ ಇರಲಿಲ್ಲ.

ಡಬ್ಬಿ ಹಿಡಿದು ಇಬ್ಬರೂ ಸಭಾಗೃಹಕ್ಕೆ ಬಂದೆವು. ಮೂವತ್ತೆಂಟು ಜನ ಹತ್ತಿ ಹಿಡಿದು ಹಾಗೇ ಕೂತಿದ್ದರು. ಒಬ್ಬರೂ ಎದ್ದಿರಲಿಲ್ಲ. ಅಂಬು ತನ್ನ ಜಾಗದಲ್ಲಿ ಕೂತು ಕೊನೆಯ ಸುತ್ತಿನ ಇಪ್ಪತ್ತೊಂದು ಹೊಸೆದಳು. ಪುಸ್ತಕವಿಲ್ಲದಿದ್ದರೂ ಅವಳದೇ ಕೊನೆಯ ತಟ್ಟೆ, ಸುಳ್ಳು ಏಕೆ ಹೇಳಲಿ. ಎಲ್ಲರೂ ತಟ್ಟೆ ಮುಂದಿಟ್ಟುಕೊಂಡು ಕಾಯ್ದರು. ಗೋವಿಂದ ಅಂದಾಗ ಸಭಾಗೃಹದ ಕಿಟಕಿಯ ಪಾರಿವಾಳಗಳೆಲ್ಲ ಹಾರಿಹೋದವು.

ಆಮೇಲೆ ಡಬ್ಬಿಯ ಬತ್ತಿಯನ್ನೆಲ್ಲ ಪರಾತಕ್ಕೆ ಸುರಿದೆ. ತೇಜಸ್ವಿನಿ ಸೀಮೆಸುಣ್ಣ ಹಿಡಿದುಕೊಂಡು ಗೋಡೆಯ ಹತ್ತಿರ ಹೋದಳು. "ಶಾಮಲಾಬಾಯಿ, ಲಕ್ಷದ ಮ್ಯಾಲೆ ಇವೆಷ್ಟು ಅಂತ ಬರೀಲಿ?" ಅಂದಳು.

ಹುಣ್ಣಿವೆಯ ದಿನ ಎಲ್ಲವನ್ನೂ ಸೇರಿಸಿ ಹಚ್ಚಿದೆವು. ಎಷ್ಟಿದ್ದವೋ, ನಾನು ಎಣಿಸಲಿಲ್ಲ.

ಅತ್ಯಾ